ಸವಳು ನೀರಿಗೆ ಕರೆಂಟ್ ಗೀಸರ್ರಾ, ಸೋಲಾರಾ, ತಾಮ್ರದ ಬಾಯ್ಲರ್ರಾ?

ಮೊದಲ ಹೇಳಿಬಿಡ್ತೀನಿ, ನನ್ನ ಓಟು ತಾಮ್ರದ ಕಟ್ಟಿಗಿ ಬಾಯ್ಲರಿಗೆ. ಕೆಳಗ ಬೆಂಕಿ, ನಡುವ ಹೊಗಿ ಹೋಗೋ ಕೊಳವಿ, ಸುತ್ತ ನೀರು, ಮ್ಯಾಲ ಬಿಚ್ಚಾಕ ಬರೋ ಮುಚ್ಚಳ, ಮುಗೀತು. ಇದನ್ನ ನಾನು ಹಳೇ ಕಾಲದ ಪ್ರೀತಿಗೆ ತಗೊಂಡಿಲ್ಲ, 25 ಲೀಟರಿನ ಗೀಸರ್ ಒಂದು ಕೈಕೊಟ್ಟ ಮ್ಯಾಲ ಸಿಟ್ಟಿಗೆದ್ದು ತಗೊಂಡೀನಿ.

ರಾಯಚೂರು ಜಿಲ್ಲಾದಾಗ ಬಿಸಿನೀರು ಯಾಕ ಬೇಕೋ ಅಂತ ಮೈಸೂರು ಕಡಿ ಗೆಳ್ಯಾರು ನಗ್ತಾರ. ಖರೇನ, ಏಪ್ರಿಲ್ ಮೇದಾಗ ಮಾಳಿಗಿ ಮ್ಯಾಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಮೈಮ್ಯಾಲ ಹಾಕ್ಕೊಳ್ಳಾಕ ಆಗಂಗಿಲ್ಲ, ಪುಕ್ಕಟೆ ಗೀಸರ್ ಅದು. ಆದ್ರ ದೀಪಾವಳಿ ನೀರು ತುಂಬೋ ಹಬ್ಬದಿಂದ ಶಿವರಾತ್ರಿ ತನಕ ಬೆಳಗಿನ ಥಂಡಿ ಬ್ಯಾರೇನ ಐತಿ, ಮನ್ಯಾಗ ಅವ್ವ ಅದಾಳ, ಆಕಿಗೆ ಮಳೆಗಾಲದಾಗೂ ಬಿಸಿನೀರು ಬೇಕು.

ನಮ್ಮ ಮನಿ ಸಿಂಧನೂರು ಹೊರಗಿನ ಲೇಔಟಿನಾಗ. ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವಿ ನೀರಿನಾಗ ಭತ್ತ ಬೆಳಿತಾರ, ನಮ್ಮ ನಳಕ್ಕ ಮಾತ್ರ ಬೋರಿನ ನೀರು. ಕುಡಿಯೋ ನೀರಿನ ಗಡಸುತನ (ನಾವು ಸವಳು ಅನ್ನೋದು, ಕರಗಿದ ಸುಣ್ಣದಂಥ ಖನಿಜ) ಲೀಟರಿಗೆ 200 ಮಿಲಿಗ್ರಾಂ ಇದ್ರ ಚಲೋ, ಬ್ಯಾರೆ ನೀರು ಇಲ್ಲದಿದ್ರ 600 ತನಕ ನಡಿತೈತಿ ಅಂತ ಐಎಸ್ 10500 ಅನ್ನೋ ಕುಡಿಯೋ ನೀರಿನ ಭಾರತೀಯ ಮಾನದಂಡ ಹೇಳ್ತೈತಿ. ನಮ್ಮ ಬೋರು ಆ 600 ದಾಟಿ ಕುಂತೈತಿ, ಸಬಕಾರ ನೊರಿ ಬರಂಗಿಲ್ಲ, ಬ್ಯಾಳಿ ಬೇಯಂಗಿಲ್ಲ. ಗೀಸರ್ ಅಂಗಡ್ಯಾಗ ಸ್ಟಾರ್ ಎಷ್ಟು, ಬಣ್ಣ ಯಾವ್ದು ಅಂತ ಎಲ್ಲಾ ಕೇಳಿದ್ರು, ನಿಮ್ಮನಿ ನೀರು ಎಂಥದ್ದು ಅಂತ ಒಬ್ರೂ ಕೇಳಲಿಲ್ಲ.

ಈ ಸವಳಿನ ಕಥಿ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಎಲ್ಲಾ ಹಾಳಾಗಿದ್ದು ಇಲ್ಲೇ. ನೀರಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಂಗ ಒಡದು ಕಾರ್ಬೊನೇಟ್ ಆಗಿ ಕೆಳಗ ಬೀಳತೈತಿ, ನೀರು ಹೆಚ್ಚು ಕಾದಷ್ಟು ಹೆಚ್ಚು ಕಟ್ಟತೈತಿ, ಎಲ್ಲಾಕ್ಕಿಂತ ಬಿಸಿ ಇರೋದು ಗೀಸರಿನ ಒಳಗ ನೀರು ಕಾಯಿಸೋ ಎಲಿಮೆಂಟು, ಅದಕ್ಕ ಮೊದಲ ಅದರ ಮ್ಯಾಲ ಹತ್ತತೈತಿ. ಮೊದಲು ಗುರ್ ಗುರ್ ಅಂತ ಸಪ್ಪಳ ಬಂತು, ಆಮ್ಯಾಲ ನೀರು ಕಾಯಾಕ ಅರ್ಧ ತಾಸಿನ ಬದಲಿ ಮುಕ್ಕಾಲು ತಾಸು, ಕಡಿಗೆ ಒಂದಿನ ಎಂಸಿಬಿ (ತಾನ ಕರೆಂಟ್ ಕಡಿಯೋ ಸ್ವಿಚ್) ಟ್ರಿಪ್ ಆತು. ಎಲಿಮೆಂಟಿನ ಬಿಸಿ ನೀರಿಗೆ ಹೋಗದ ಒಳಗ ಉಳದು ಅದು ಸೀಳಿತ್ತು.

ಸರ್ವಿಸಿನ ಹುಡುಗ ಬಂದ, ನೀರು ಖಾಲಿ ಮಾಡಿ ಕೆಳಗ ಎಲಿಮೆಂಟ್ ಹಿಡಿಯೋ ಮುಚ್ಚಳದ, ಅಂದ್ರ ಫ್ಲೇಂಜಿನ, ಬೋಲ್ಟ್ ಬಿಚ್ಚಿದ, ಒಳಗಿಂದ ಬಿಳಿ ಚಕ್ಕಿ ಬೊಗಸಿ ಬೊಗಸಿ ಬಿತ್ತು. ಎಲಿಮೆಂಟ್ ಸುಣ್ಣ ಬಳದ ಗ್ವಾಡಿ ಹಂಗಾಗಿತ್ತು. ಟ್ಯಾಂಕಿಗೆ ತುಕ್ಕು ಹಿಡೀದಂಗ ತಾನು ಕರಗೋ ಮ್ಯಾಗ್ನೀಷಿಯಂ ರಾಡ್ ಒಂದು ಇರ್ತೈತಿ, ಅದು ಕಡ್ಡಿ ಆಗಿತ್ತು. ಗ್ಯಾರಂಟಿ ಐತಲ್ಲಪ್ಪ ಅಂದ್ರ, ಸವಳಿನಿಂದ ಕೆಟ್ರ ಗ್ಯಾರಂಟಿ ಬರಂಗಿಲ್ಲ ಸರ್, ಕಾರ್ಡ್ ಹಿಂದ ಸಣ್ಣ ಅಕ್ಷರದಾಗ ಐತಿ ನೋಡ್ರಿ ಅಂದ. ನೋಡಿದೆ, ಇತ್ತು. ಸರಿ, ರೊಕ್ಕ ಕೊಡ್ತೀನಿ ಹಾಕು ಅಂದೆ. ಎಲಿಮೆಂಟ್ ಹಾಕಿದ, ನೀರು ಸೋರದಂಗ ನಡುವ ಹಾಕೋ ಗ್ಯಾಸ್ಕೆಟ್ ಮಾತ್ರ ಅವನ ಹತ್ರ ಇರಲಿಲ್ಲ, ಹಳೇದ ಕುಂದರಿಸಿ ಹೋದ, ಮರುದಿನದಿಂದ ಬಾತ್ರೂಮಿನಾಗ ಟಪ ಟಪ ಟಪ. ಹೊಸ ಗ್ಯಾಸ್ಕೆಟಿಗೆ ಫೋನ್ ಮಾಡಿದಾಗೆಲ್ಲಾ ಸ್ಟಾಕ್ ಇಲ್ಲ, ನಾಳೆ ಬರ್ತೈತಿ. ಒಂದು ರಬ್ಬರ್ ಬಳಿಗೆ ನಾನು ಇಡೀ ಚಳಿಗಾಲ ಬಕೀಟ್ ಇಟ್ಟು ಕುಂತೆ, ಇದಕ್ಕಿಂತ ಮೈ ಉರಿಯೋದು ಏನೈತಿ ಹೇಳ್ರಿ.

ಕರೆಂಟ್ ಖರ್ಚೂ ಹೇಳಬೇಕು. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕ ಕಾಯಾಕ ಹತ್ರ ಹತ್ರ ಒಂದು ಯೂನಿಟ್. ದಿನಕ್ಕ ಮೂರು ಸಲ ಅಂದ್ರ ತಿಂಗಳಿಗೆ 90 ಯೂನಿಟ್ ಇದೊಂದ. ಗೃಹಜ್ಯೋತಿ ಇದ್ದೋರಿಗೆ ಇದು ಕುತ್ತಿಗಿಗೆ ಬರೋ ಲೆಕ್ಕ, ತಿಂಗಳಿಗೆ 200 ದಾಟ್ತೋ ಪೂರ್ತಿ ಬಿಲ್ ನಾವ ಕಟ್ಟಬೇಕು, ಫ್ರಿಜ್ಜು ಫ್ಯಾನು ಪಂಪ್‌ಸೆಟ್ ಇರೋ ಮನ್ಯಾಗ ಗೀಸರೊಂದು ದಾಟಿಸಿಬಿಡತೈತಿ.

ಸೋಲಾರ್ ಗಂಗಾವತಿಯಾಗ ನಮ್ಮಕ್ಕನ ಮನ್ಯಾಗ ಐತಿ, ಗಾಜಿನ ಟ್ಯೂಬಿಂದು, ಅಲ್ಲಿ ಹೋದಾಗೆಲ್ಲಾ ಅದರಾಗ ಸ್ನಾನ ಮಾಡೀನಿ. ಅವ್ರಿಗೆ ನಳದಾಗ ಹೊಳಿ ನೀರು ಬರ್ತೈತಿ, ಸುಳ್ಳು ಹೇಳಂಗಿಲ್ಲ, ನೀರು ಸುಡ್ತೈತಿ, ಖರ್ಚು ಸೊನ್ನಿ. ಸವಳು ನೀರಿಗೂ ತಾಮ್ರದ ಸಣ್ಣ ಪೈಪಿನ ಚಪ್ಪಟಿ ಸೋಲಾರಿಗಿಂತ ಗಾಜಿಂದ ವಾಸಿ, ಚಪ್ಪಟಿದು ಒಳಗ ಕಟ್ಟಿ ಮುಚ್ಚಿಹೋಗತೈತಿ, ಗಾಜಿನದರಾಗ ಸುಣ್ಣ ಟ್ಯೂಬಿನ ಬುಡಕ್ಕ ಕುಂದರತೈತಿ, ಎಳದು ತೊಳೀಬಹುದು. ಆದ್ರ ಒಂದು ಟ್ಯೂಬ್ ಒಡೀತು ಅಂದ್ರ ಟ್ಯಾಂಕಿನ ನೀರೆಲ್ಲಾ ಮಾಳಿಗಿ ಪಾಲು. ಆನೆಗುಂದಿ ಕಡಿ ಮಂಗ್ಯಾನ ಕಾಟ ಗೊತ್ತಲ್ಲ, ಅಂಜನಾದ್ರಿ ಹತ್ರದವ್ರು ಟ್ಯೂಬಿನ ಮ್ಯಾಲ ಜಾಳಿಗಿ ಹಾಕಿಸೋದು ಚಲೋ. ನಮ್ಮ ಲೇಔಟಿನಾಗ ಕರೆಂಟ್ ಹೋಗಿ ಮ್ಯಾಲಿನ ಟ್ಯಾಂಕ್ ಖಾಲಿ ಆಗೋದು ಮಾಮೂಲಿ. ಖಾಲಿ ಟ್ಯೂಬು ಬಿಸಲಾಗ ಕಾದಿರ್ತೈತಿ, ಮಧ್ಯಾಹ್ನ ಕರೆಂಟ್ ಬಂದು ತಣ್ಣೀರು ನುಗ್ಗಿತೋ ಪಟ್ ಅಂತ ಸೀಳತೈತಿ. ಅದಕ್ಕ ನಾ ಧೈರ್ಯ ಮಾಡಲಿಲ್ಲ.

ಗ್ಯಾಸ್ ಗೀಸರ್ ಒಂದ ಮಾತು: ಕಿಟಕಿ ಇಲ್ಲದ ಬಾತ್ರೂಮಿನಾಗ ಹಾಕಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಒಳಗಿದ್ದೋರಿಗೆ ಗೊತ್ತಾಗೋದ್ರಾಗ ಎಚ್ಚರ ತಪ್ಪಿರ್ತೈತಿ.

ಡೀಸೆಲ್ ಬಾಯ್ಲರೂ ವಿಚಾರಿಸೀನಿ, ಬಳ್ಳಾರಿ ಲಾಡ್ಜ್ ಒಂದರಾಗ ನಮ್ಮ ಗೆಳೆಯ ಮೇಂಟೆನೆನ್ಸ್ ನೋಡ್ಕೋತಾನ. ಥಂಡಿ ದೇಶದಾಗ ಇಡೀ ಮನಿ ಬೆಚ್ಚಗ ಮಾಡಾಕ ಇಂಥವ ಹಾಕ್ತಾರಂತ. ಪಂಪು ಎಣ್ಣಿ ಒತ್ತಿ ಸಣ್ಣ ನಾಝಲ್‌ನಿಂದ ಮಂಜಿನಂಗ ಚೆಲ್ಲತೈತಿ, ಕಿಡಿ ಹಚ್ಚತೈತಿ, ಉರಿ ಹತ್ತೇತೋ ಇಲ್ಲೋ ಅಂತ ಒಂದು ಫೋಟೋಸೆಲ್ ನೋಡ್ಕೋತ ಇರ್ತೈತಿ, ಹತ್ತಲಿಲ್ಲಂದ್ರ ಎಣ್ಣಿ ಬಂದ್. ವರ್ಷಕ್ಕೊಮ್ಮೆ ನಾಝಲ್ ಬದಲಿ, ಫಿಲ್ಟರ್ ಬದಲಿ, ಒಳಗಿನ ಮಸಿ ತಗೀಬೇಕು, ಟ್ಯಾಂಕಿನ ತಳದಾಗ ನೀರು ನಿಂತ್ರ ಮತ್ತ ತ್ರಾಸು. ಒಂದು ಲೀಟರ್ ಡೀಸೆಲ್‌ನಾಗ ಸುಮಾರು 10 ಯೂನಿಟ್ ಶಾಖ, ಹೊಗಿ ಜೋಡಿ ಹೋಗೋದು ಕಳದು ಎಂಟೂವರಿ ಹಿಡೀರಿ, ಲೀಟರಿಗೆ 90 ರೂಪಾಯಿ ಆಸುಪಾಸು ಅಂದ್ರ ಯೂನಿಟ್ಟಿಗೆ 10 ರೂಪಾಯಿ ದಾಟ್ತು. ಅದಕ್ಕಿಂತ ಕರೆಂಟ್ ಅಗ್ಗ. ಲಾಡ್ಜಿಗೆ ಸರಿ, ಮನಿಗಲ್ಲ.

ಇನ್ನ ನನ್ನ ಬಾಯ್ಲರು. ಹಿತ್ತಲದಾಗ ತಗಡಿನ ಕೆಳಗ ಇಟ್ಟೀನಿ, ಹೊಗಿ ಕೊಳವಿ ಮಾಳಿಗಿ ದಾಟಿಸೀನಿ, ಇಲ್ಲಂದ್ರ ಬಾಜೂ ಮನ್ಯಾವ್ರು ಒಣ ಹಾಕಿದ ಅರಿವಿ ಮ್ಯಾಲ ಮಸಿ ಬಿದ್ದು ಜಗಳ. ಕಟ್ಟಿಗಿಗೆ ಬಳ್ಳಾರಿ ಜಾಲಿ ಎಲ್ಲಾ ಕಡಿ ಬೆಳದೈತಿ, ಮುಳ್ಳು ಕೆಟ್ಟದ್ದು, ಉರಿ ಮಾತ್ರ ಬಾಳ ಹೊತ್ತು ನಿಲ್ಲತೈತಿ. ಹೊಲದ ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿನೂ ನಡಿತಾವ, ಭರ್ ಅಂತ ಉರದು ಬೂದಿ ಆಗ್ತಾವ, ಹಚ್ಚಾಕ ಚಲೋ. ತಿಂಗಳಿಗೊಮ್ಮೆ ಕೊಳವಿಯಾಗ ಉದ್ದ ಬ್ರಶ್ ಆಡಿಸಬೇಕು, ಮಸಿ ದಪ್ಪಾದ್ರ ಕಟ್ಟಿಗಿ ಹೆಚ್ಚು ತಿಂತೈತಿ, ಹೊಗಿ ಹಿಂದಕ್ಕ ಹೊಡಿತೈತಿ. ನೀರಿಲ್ಲದ ಬೆಂಕಿ ಹಾಕಿದ್ರೋ ಬೆಸುಗಿ ಬಿಡತೈತಿ, ಮನ್ಯಾಗ ಎಲ್ಲಾರಿಗೂ ಇದೊಂದು ಹೇಳಿಡ್ರಿ. ಮ್ಯಾಲ ಉಗಿ ಹೋಗೋ ಬಾಯಿ ತೆರದ ಇರಬೇಕು, ಅಲ್ಲಿ ವಾಲ್ವ್ ಹಾಕೋ ಶಾಣ್ಯಾತನ ಮಾಡಬ್ಯಾಡ್ರಿ.

ಸವಳು ಇದಕ್ಕೂ ಕಟ್ಟತೈತಿ ರೀ, ಕಟ್ಟಲ್ಲ ಅಂತ ನಾ ಎಲ್ಲಿ ಹೇಳಿದೆ. ಆದ್ರ ಮುಚ್ಚಳ ತಗದ್ರ ನನ್ನ ಕೈ ತಳ ಮುಟ್ಟತೈತಿ. ಲಿಂಬಿ ಉಪ್ಪು ಬಿಸಿನೀರಾಗ ಕಲಿಸಿ ರಾತ್ರಿ ಬಿಟ್ಟು ಮುಂಜಾನೆ ತಿಕ್ಕಿದ್ರ ಚಕ್ಕಿ ಎದ್ದು ಬರ್ತೈತಿ. ಬಾತ್ರೂಮ್ ತೊಳಿಯೋ ಆಸಿಡ್ ಮಾತ್ರ ಹಾಕಬ್ಯಾಡ್ರಿ, ಬೆಸುಗಿ ಸಂದು ತಿಂತೈತಿ. ಹೊರಗಡಿ ಹುಣಸಿಹಣ್ಣು ತಿಕ್ಕೋದು ಅವ್ವನ ಖಾತೆ. ಫ್ಲೇಂಜ್ ಇಲ್ಲ, ಗ್ಯಾಸ್ಕೆಟ್ ಇಲ್ಲ, ಫೋನ್ ಇಲ್ಲ.

ತ್ರಾಸು ಇಲ್ಲಂತಲ್ಲ. ಐದೂವರಿಗೆ ಎದ್ದು ಬೆಂಕಿ ಹಾಕಬೇಕು, ನಮ್ಮನ್ಯಾಗ ಅವ್ವ ಹೆಂಗೂ ಅಷ್ಟೊತ್ತಿಗೆ ಎದ್ದಿರ್ತಾಳ. ಬಕೀಟ್ ಹೊರಬೇಕು. ಏಳಕ್ಕ ಎದ್ದು ಎಂಟಕ್ಕ ಆಫೀಸಿಗೆ ಓಡೋರು, ಬಾಡಿಗಿ ಮನಿಯೋರು, ಮೂರನೇ ಮಾಳಿಗ್ಯಾಗ ಇರೋರು ಗೀಸರ್ ತಗೊಳ್ರಿ, ಆದ್ರ 55 ಡಿಗ್ರಿ ಮ್ಯಾಲ ಇಡಬ್ಯಾಡ್ರಿ, ವರ್ಷಕ್ಕೊಮ್ಮೆ ಬಿಚ್ಚಿಸ್ರಿ, ಗ್ಯಾಸ್ಕೆಟ್ ಒಂದು ಮೊದಲ ಖರೀದಿ ಮಾಡಿ ಕಪಾಟಿನಾಗ ಇಟ್ಕೊಳ್ರಿ.

ಬಾಯ್ಲರ್ ತಗೊಳ್ಳೋರು ತೂಕದ ಮ್ಯಾಲ ತಗೊಳ್ರಿ, ಹೊಳಪು ನೋಡಿ ಅಲ್ಲ, ತೆಳು ತಗಡಿಂದು ಬೇಗ ತೂತು ಬೀಳತೈತಿ. ನಮ್ಮ ಲೇಔಟಿಗೆ ಹೊಳಿ ನೀರಿನ ಪೈಪು ಬಂದ್ರ ನಾನೂ ಸೋಲಾರ್ ಹಾಕಿಸ್ತೀನಿ. ಬಾಯ್ಲರ್ ಆವಾಗ ಮಾರಿದ್ರೂ ಲುಕ್ಸಾನಿಲ್ಲ, ತಾಮ್ರ ಹಳೇದಾದ್ರೂ ಕಿಲೋ ಲೆಕ್ಕದಾಗ ರೊಕ್ಕ ಬರ್ತೈತಿ, ಆ ಗೀಸರ್ ಮಾತ್ರ ಗುಜರಿಯವ ಎತ್ತಿ ನೋಡಿ ಒಳಗ ಬರೇ ಸುಣ್ಣ ಐತಿ ಅಂತ ಚೌಕಾಶಿ ಮಾಡಿದ.