ರೆಕಾರ್ಡ್ ಪ್ಲೇಯರೋ, ಮೊಬೈಲಿಗೆ ಡ್ಯಾಕೋ?

ಹಾಡು ಕೇಳಲು ರೆಕಾರ್ಡ್ ಪ್ಲೇಯರ್ ಕೊಳ್ಳುವುದೋ, ಮೊಬೈಲಿನ ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ಸಿಗ್ನಲ್ ಆಗಿಸುವ ಪುಟ್ಟ ಸಾಧನ ಡ್ಯಾಕ್ ಕೊಳ್ಳುವುದೋ? 1982ರಲ್ಲಿ ಬಂದ ಸಿಡಿ ಮೂಲೆಗೆ ತಳ್ಳಿದ್ದ ಎಲ್‌ಪಿ, ಅಂದರೆ ಸೂಜಿಯಿಂದ ನುಡಿಸುವ ದೊಡ್ಡ ಹಾಡಿನ ತಟ್ಟೆ, ಈಗ ಮತ್ತೆ ಅಚ್ಚಾಗುತ್ತಿದೆ. ಧಾರವಾಡದ ಮನೆಯ ಅಟ್ಟದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆ ರೆಕಾರ್ಡ್ ಸಿಕ್ಕಿದ್ದರೆ ಪ್ಲೇಯರ್ ಆಸೆ ಸಹಜ. (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ತಟ್ಟೆಯಾದರೆ ಎಲ್‌ಪಿ ಸೂಜಿ ನಡೆಯದು, ಬೇರೆ ದಪ್ಪ ಸೂಜಿಯೇ ಬೇಕು.) ತಟ್ಟೆಯ ಮೇಲೆ ಬೀಳುವ ಸೂಜಿಯ ಭಾರ ಬಹುತೇಕ ಕಾರ್ಟ್ರಿಜ್‌ಗಳಿಗೆ (ಸೂಜಿ ಕೂರಿಸಿದ ಭಾಗ) 1.5ರಿಂದ 2 ಗ್ರಾಂ. ಕಡಿಮೆಯಾದರೆ ಸೂಜಿ ಗೆರೆಯಲ್ಲಿ ನಿಲ್ಲದೆ ದನಿ ಒಡೆಯುತ್ತದೆ, ತಟ್ಟೆಯೂ ಕೆಡುತ್ತದೆ. ಬರುವ ಸಿಗ್ನಲ್ ಬರೀ 5 ಮಿಲಿವೋಲ್ಟ್ ಆಸುಪಾಸು, ಹಾಗಾಗಿ ಅದನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಇಲ್ಲದೆ ಗತಿಯಿಲ್ಲ. ಹುಬ್ಬಳ್ಳಿ ಧೂಳಿಗೆ ಪ್ರತಿ ಸಲ ಬ್ರಷ್. ಧಾರವಾಡದ ಮಳೆಗಾಲದಲ್ಲಿ ಕವರಿಗೆ ಬೂಷ್ಟು.

ಡ್ಯಾಕ್‌ಗೆ ಈ ಕಾಟವಿಲ್ಲ. ಎಲ್‌ಪಿಯನ್ನು 22 ನಿಮಿಷಕ್ಕೊಮ್ಮೆ ಮಗುಚಬೇಕು, ಇಲ್ಲಿ ತಾಸುಗಟ್ಟಲೆ ರಾಗ ತಡೆಯಿಲ್ಲದೆ ಹರಿಯುತ್ತದೆ. ಸಿಡಿ ಗುಣಮಟ್ಟದ 16 ಬಿಟ್, 44.1 ಕಿಲೋಹರ್ಟ್ಸ್ ಸಾಕು. ಉಳಿದ ದುಡ್ಡು ಸ್ಪೀಕರಿಗೆ ಹಾಕಿ, ಗೋಡೆಯಿಂದ ಒಂದಡಿಯಾದರೂ ಮುಂದಿಡಿ. ಇಲ್ಲದಿದ್ದರೆ ತಬಲಾ ಜೋಡಿಯ ಡಗ್ಗಾದ ದನಿ ಗುಂಯ್‌ಗುಡುತ್ತದೆ. ಅಟ್ಟದಲ್ಲಿ ಹಳೆ ರೆಕಾರ್ಡ್ ಇಲ್ಲದವರು ಡ್ಯಾಕೇ ತಗೊಳ್ಳಿ.