ಬಿಎಂಡಬ್ಲ್ಯು ಎಂ2: ಆರು ವರ್ಷ ಓಡಿಸಿದ ಮೇಲೆ ಎನ್55, ಎಸ್55 ಎಂಜಿನ್‌ಗಳ ಬಗ್ಗೆ

ನನ್ನದು 2017ರ ಎಂ2, ಎನ್55 ಎಂಜಿನ್, ಮ್ಯಾನುವಲ್ ಗೇರ್. ಆರು ವರ್ಷ ಆಯ್ತು, 68 ಸಾವಿರ ಕಿಲೋಮೀಟರ್ ಓಡಿದೆ. ಗೆಳೆಯನ ಹತ್ತಿರ 2019ರ ಎಂ2 ಕಾಂಪಿಟೀಷನ್ ಇದೆ, ಅದರದು ಎಸ್55. ಟ್ರ್ಯಾಕಿಗೆ ಹೋದಾಗಲೆಲ್ಲ ಇಬ್ಬರೂ ಕೀ ಅದಲು ಬದಲು ಮಾಡಿಕೊಳ್ಳುತ್ತೇವೆ, ಹಾಗಾಗಿ ಎರಡೂ ಗಾಡಿ ಕೈಗೆ ಚೆನ್ನಾಗಿ ಹತ್ತಿವೆ. ಸೆಕೆಂಡ್ ಹ್ಯಾಂಡ್ ಎಂ2 ಹುಡುಕುತ್ತಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎರಡೂ 3 ಲೀಟರ್ ಆರು ಸಿಲಿಂಡರ್ ಟರ್ಬೊ ತಾನೇ, 370 ಇದ್ದ ಪವರ್ 410 ಆಗಿದೆ, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಆದರೆ ಹಾಗೆ ಅನಿಸುವುದು ಸಹಜ. ಕಾಗದದ ಮೇಲೆ ನೋಡಿ, ಬೋರ್ 84 ಮಿ.ಮೀ., ಸ್ಟ್ರೋಕ್ 89.6 ಮಿ.ಮೀ., 2979 ಸಿಸಿ, ಕಂಪ್ರೆಷನ್ 10.2. ಎರಡಕ್ಕೂ ಅದೇ ಅಂಕಿ. ವ್ಯತ್ಯಾಸ ಇರುವುದು ಆ ಅಂಕಿಗಳು ಹೇಳದ ಕಡೆ.

ಮೊದಲು ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಭಾಗ. ನನ್ನ ಎನ್55ರದು ಓಪನ್ ಡೆಕ್, ಅಂದರೆ ಬ್ಲಾಕಿನ ಮೇಲೆ ಕೂರುವ ಹೆಡ್ ಬಿಚ್ಚಿ ಮೇಲಿಂದ ನೋಡಿದರೆ ಸಿಲಿಂಡರ್‌ಗಳ ಸುತ್ತ ಕೂಲೆಂಟ್ ಹರಿಯುವ ಜಾಗ ಬಾಯಿ ತೆರೆದುಕೊಂಡಿರುತ್ತದೆ. ಎಸ್55ರಲ್ಲಿ ಆ ಜಾಗದ ಬಹುಪಾಲು ಮುಚ್ಚಿದೆ. ಸಿಲಿಂಡರ್‌ನ ಮೇಲ್ತುದಿಗೆ ಸುತ್ತಲಿಂದ ಆಸರೆ ಸಿಗುತ್ತದೆ, ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಏರಿದಾಗ ಗೋಡೆ ಅಲುಗುವುದಿಲ್ಲ. ಗೋಡೆಯೂ ಬೇರೆ. ಎನ್55ಕ್ಕೆ ಸಿಲಿಂಡರ್ ಒಳಗೆ ಎರಕದ ಕಬ್ಬಿಣದ ಕೊಳವೆ, ಅಂದರೆ ಲೈನರ್ ಇದೆ. ಎಸ್55ಕ್ಕೆ ಲೈನರ್ರೇ ಇಲ್ಲ, ಕರಗಿಸಿದ ಉಕ್ಕಿನ ತಂತಿಯನ್ನು ಅಲ್ಯೂಮಿನಿಯಂ ಮೇಲೆ ತೆಳ್ಳಗೆ ಸಿಂಪಡಿಸಿ ಪದರ ಮಾಡಿದ್ದಾರೆ. ತೂಕ ಕಡಿಮೆ.

ಇಲ್ಲಿ ಒಂದು ಮಾತು ಸರಿ ಮಾಡಬೇಕು. ಮೊದಲ ಎಂ2 ಮಾರುವವರಲ್ಲಿ ಕೆಲವರು "ಒಳಗೆಲ್ಲ ಎಂ3 ಪಾರ್ಟ್ಸ್" ಅಂತ ಹೇಳುತ್ತಾರೆ, ಅಂದರೆ ಇದೇ ಎಸ್55 ಇದ್ದ ಎಂ3, ಎಂ4 ಗಾಡಿಗಳ ಪಾರ್ಟ್ಸ್. ಅದರಲ್ಲಿ ಸ್ವಲ್ಪ ನಿಜ ಇದೆ. ಎಂ2ಗೆ ಹಾಕಿದ ಎನ್55 ಬೇರೆ ಮಾಡೆಲ್‌ಗಳಲ್ಲಿದ್ದ ಎನ್55ರ ಹಾಗೆ ಅಲ್ಲ. ಪಿಸ್ಟನ್‌ನ ಮೇಲಿನ ರಿಂಗ್, ಕ್ರ್ಯಾಂಕ್‌ಶಾಫ್ಟ್‌ನ ಮೇನ್ ಬೇರಿಂಗ್ ಶೆಲ್, ಸ್ಪಾರ್ಕ್ ಪ್ಲಗ್, ಇವೆಲ್ಲ ಎಂ3, ಎಂ4ರಿಂದ ಬಂದವು. ಜೊತೆಗೆ ಹೆಚ್ಚುವರಿ ಆಯಿಲ್ ಕೂಲರ್, ಗಾಡಿ ಜೋರಾಗಿ ತಿರುಗುವಾಗ, ಬ್ರೇಕ್ ಹಾಕುವಾಗ ಆಯಿಲ್ ಒಂದು ಕಡೆ ಸೇರಿಕೊಳ್ಳದ ಹಾಗೆ ಇನ್ನೊಂದು ಪಂಪ್. ಆದರೆ ಬ್ಲಾಕ್ ಅದೇ ಓಪನ್ ಡೆಕ್, ಟರ್ಬೊ ಒಂದೇ. ರಿಂಗ್ ಬದಲಾದ ಮಾತ್ರಕ್ಕೆ ಬ್ಲಾಕ್ ಬದಲಾಗಲಿಲ್ಲ. ಈ ಮಾತು ನಂಬಿ ಬೂಸ್ಟ್ ಜಾಸ್ತಿ ಮಾಡಿಸಲು ಹೊರಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಓಡಿಸುವಾಗ ತಕ್ಷಣ ಗೊತ್ತಾಗುವುದು ಟರ್ಬೊ. ನನ್ನದರಲ್ಲಿ ಒಂದೇ ಟ್ವಿನ್ ಸ್ಕ್ರೋಲ್ ಟರ್ಬೊ, ಮೂರು ಮೂರು ಸಿಲಿಂಡರ್‌ಗಳ ಹೊಗೆ ಎರಡು ಬೇರೆ ದಾರಿಯಲ್ಲಿ ಬಂದು ಅದೇ ಟರ್ಬೈನ್ ತಿರುಗಿಸುತ್ತದೆ. 465 ನ್ಯೂಟನ್ ಮೀಟರ್ ಟಾರ್ಕ್ 1400 ಆರ್‌ಪಿಎಂಗೇ ಸಿಗುತ್ತದೆ. ದಿನನಿತ್ಯದ ಓಡಾಟದಲ್ಲಿ ಇದರ ಸುಖವೇ ಬೇರೆ, ಮೂರನೇ ಗೇರಿನಲ್ಲಿ ಸುಮ್ನೆ ಕಾಲಿಟ್ಟರೆ ಸಾಕು, ಗಾಡಿ ಎಳೆದುಕೊಂಡು ಹೋಗುತ್ತದೆ. ಎಸ್55ರಲ್ಲಿ ಎರಡು ಚಿಕ್ಕ ಟರ್ಬೊ, ಒಂದೊಂದಕ್ಕೆ ಮೂರು ಸಿಲಿಂಡರ್. 550 ನ್ಯೂಟನ್ ಮೀಟರ್ ಸಿಗಲು 2350 ಆರ್‌ಪಿಎಂ ದಾಟಬೇಕು. ಆದರೆ ದಾಟಿದ ಮೇಲೆ ಅದು ಸುಸ್ತಾಗುವುದೇ ಇಲ್ಲ! 410ರ ಪವರ್ 5250ರಿಂದ 7000ದವರೆಗೆ ಹಾಗೇ ನಿಲ್ಲುತ್ತದೆ, ಸೂಜಿ 7600ರವರೆಗೆ ಓಡುತ್ತದೆ. ನನ್ನದು 7000ಕ್ಕೆ ಸಾಕು ಅನ್ನುತ್ತದೆ, 6500ರಿಂದಲೇ ನನ್ನ ಕೈ ಗೇರ್ ಕಡೆ ಹೋಗುತ್ತದೆ. ಗೆಳೆಯನ ಗಾಡಿಯಲ್ಲಿ ನಾನು ಇದೇ ಅಭ್ಯಾಸದಿಂದ ಬೇಗ ಗೇರ್ ಹಾಕಿಬಿಡುತ್ತಿದ್ದೆ. "ಇನ್ನೂ ಇದೆ, ಇನ್ನೂ ಇದೆ" ಅಂತ ಪಕ್ಕದಲ್ಲಿ ಕೂತು ಹೇಳಿ ಹೇಳಿ ಅವನೇ ಆ ಅಭ್ಯಾಸ ಬಿಡಿಸಿದ.

ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಕೂಡ ಬೇರೆ. ನನ್ನದರಲ್ಲಿ ಮುಂದಿನ ಬಂಪರ್ ಹಿಂದೆ ಗಾಳಿಯಿಂದ ತಣ್ಣಗಾಗುವಂಥದ್ದು. ಎಸ್55ರಲ್ಲಿ ಎಂಜಿನ್ ಮೇಲೇ ಕೂತಿದೆ, ನೀರಿನಿಂದ ತಣ್ಣಗಾಗುತ್ತದೆ. ಟರ್ಬೊದಿಂದ ಎಂಜಿನ್‌ಗೆ ಗಾಳಿ ಬರುವ ದಾರಿ ಚಿಕ್ಕದು, ಹಾಗಾಗಿ ತಿರುವಿನ ಮಧ್ಯೆ ಥ್ರಾಟಲ್ ಒಂಚೂರು ಬಿಟ್ಟು ಮತ್ತೆ ಒತ್ತಿದರೆ ಉತ್ತರ ಥಟ್ ಅಂತ ಬರುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎರಡರಲ್ಲೂ ಇದೆ, ಆದರೆ ಎಸ್55ಕ್ಕೆ ಹೈ ಪ್ರೆಷರ್ ಫ್ಯೂಯಲ್ ಪಂಪ್ ಎರಡು, ನನ್ನದಕ್ಕೆ ಒಂದು.

ಎಸ್55 ಹೊಗಳಿದೆ ಅಂತ ಅದಕ್ಕೆ ಚಿಂತೆಯೇ ಇಲ್ಲ ಅಂದುಕೊಳ್ಳಬೇಡಿ. ಕ್ರ್ಯಾಂಕ್ ಹಬ್ ವಿಷಯ ಓದಿಕೊಂಡೇ ತಗೊಳ್ಳಿ. ಕ್ರ್ಯಾಂಕ್‌ಶಾಫ್ಟ್ ಮುಂಭಾಗದ ಹಬ್, ಟೈಮಿಂಗ್ ಚೈನಿನ ಹಲ್ಲುಚಕ್ರ, ಇವನ್ನು ಜಾರದ ಹಾಗೆ ತಡೆಯುವ ಲೋಹದ ಬೆಣೆ (ಕೀ) ಹಾಕಿ ಲಾಕ್ ಮಾಡಿಲ್ಲ, ಒಂದು ಬೋಲ್ಟಿನ ಬಿಗಿತ ಮಾತ್ರ ಹಿಡಿದಿಟ್ಟಿದೆ. ಟಾರ್ಕ್ ಜಾಸ್ತಿ ಮಾಡಿಸಿದ ಗಾಡಿಗಳಲ್ಲಿ ಅದು ಜಾರಿದರೆ ಟೈಮಿಂಗ್, ಅಂದರೆ ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು, ತಪ್ಪುತ್ತದೆ. ಗೆಳೆಯ ಟ್ಯೂನ್ ಮಾಡಿಸಿಲ್ಲ, ಅವನಿಗೆ ಏನೂ ಆಗಿಲ್ಲ.

ನನಗೆ ಆದ ತೊಂದರೆ ಎಂಜಿನ್‌ದಲ್ಲ, ಸರ್ವಿಸ್ ಮಾಡಿದವರದ್ದು. ಈ ಗಾಡಿಗೆ ಡಿಪ್‌ಸ್ಟಿಕ್ ಇಲ್ಲ, ಆಯಿಲ್ ಮಟ್ಟ ಸ್ಕ್ರೀನಿನಲ್ಲೇ ನೋಡಬೇಕು. ಒಂದು ವರ್ಕ್‌ಶಾಪ್‌ನಲ್ಲಿ ಅಂದಾಜಿನ ಮೇಲೆ ಸುರಿದರು, ಮರುದಿನ ಆಯಿಲ್ ಜಾಸ್ತಿಯಾಗಿದೆ ಅಂತ ಎಚ್ಚರಿಕೆ ಬಂತು. ಮತ್ತೆ ಹೋಗಿ ತೆಗೆಸಿದೆ. ಆಮೇಲಿಂದ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾನೇ ಮಟ್ಟ ನೋಡದೆ ಬಿಲ್ ಕೊಡುವುದಿಲ್ಲ.

ಹಾಗಾದರೆ ಯಾವುದು ತಗೊಳ್ಳೋದು? ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಾದರೆ, ಮುಂದೆ ಪವರ್ ಏರಿಸುವ ಆಸೆ ಇದ್ದರೆ, ಎಸ್55 ಬಿಟ್ಟು ಬೇರೆ ನೋಡಬೇಡಿ. ಆ ಬ್ಲಾಕ್ ಆಮೇಲೆ ದುಡ್ಡು ಕೊಟ್ಟು ಸೇರಿಸಬಹುದಾದ ವಸ್ತು ಅಲ್ಲ. ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್, ಉಳಿದಂತೆ ರಸ್ತೆ ಅನ್ನುವವರಿಗೆ ಎನ್55 ಚೆನ್ನಾಗಿ ಹೊಂದುತ್ತದೆ, ಹಿಂದಿನ ಓನರ್ ಅದರ ಬೂಸ್ಟ್ ಮುಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗೆಳೆಯ ಕಳೆದ ವರ್ಷ ಗಾಡಿ ಮಾರುವ ಮಾತಾಡಿದಾಗ ನಾನು ಎರಡು ವಾರ ನಿದ್ದೆಗೆಟ್ಟು ಯೋಚಿಸಿದೆ. ಕೊನೆಗೆ ತಗೊಳ್ಳಲಿಲ್ಲ. 1400ಕ್ಕೇ ಎಳೆಯುವ ಆ ಎಂಜಿನ್ ನನ್ನ ಕಾಲಿಗೆ ಅಷ್ಟು ಒಗ್ಗಿಹೋಗಿದೆ.