ಬಿಹ್ಯಾನ್ಸ್: ಮುಖಪುಟ, ಒಳಚಿತ್ರ ಬರೆಯುವವರಿಗೆ ಎಷ್ಟು ಉಪಯೋಗ?

ಮಕ್ಕಳ ಪುಸ್ತಕ, ಕಾದಂಬರಿಯ ಮುಖಪುಟ, ದೀಪಾವಳಿ ವಿಶೇಷಾಂಕದ ಕತೆಗಳು: ಇಂಥ ಕೆಲಸ ಹುಡುಕುವ ಚಿತ್ರಕಾರರಿಗೆ, ತಮ್ಮ ಕೆಲಸದ ಮಾದರಿಗಳನ್ನು ತೋರಿಸುವ ಜಾಲತಾಣವಾದ ಬಿಹ್ಯಾನ್ಸ್ ಈಗಲೂ ಒಳ್ಳೆಯ ಜಾಗ. 2012ರ ಕೊನೆಯಿಂದ ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿಯ ಒಡೆತನದಲ್ಲಿದೆ, ಖಾತೆ ತೆರೆಯಲು ದುಡ್ಡು ಬೇಕಿಲ್ಲ. ಇನ್‌ಸ್ಟಾಗ್ರಾಮ್‌ಗಿಂತ ಇದು ಮೇಲು ಅನ್ನುವುದಕ್ಕೆ ಮುಖ್ಯ ಕಾರಣ, ಇಲ್ಲಿ ಬಿಡಿ ಚಿತ್ರದ ಬದಲು ಇಡೀ ಕೆಲಸವನ್ನು ಒಂದು ಪ್ರಾಜೆಕ್ಟ್ ಆಗಿ ತೋರಿಸಬಹುದು. ಒಂದೇ ಪಾತ್ರವನ್ನು 24 ಪುಟದುದ್ದಕ್ಕೂ ಅದೇ ಮುಖ, ಅದೇ ಮೈಕಟ್ಟಿನಲ್ಲಿ ನಿಭಾಯಿಸಬಲ್ಲಿರಾ ಎಂದು ಸಂಪಾದಕರು ನೋಡುತ್ತಾರೆ. ಒಂಟಿ ಚಿತ್ರ ಎಷ್ಟೇ ಚೆಂದವಿದ್ದರೂ ಅದನ್ನು ಹೇಳಲಾರದು. ಹಾಗಾಗಿ ಪೆನ್ಸಿಲ್ ಕರಡು, ಬಣ್ಣದ ಪ್ರಯೋಗ, ಮುದ್ರಿತ ಪುಟದ ಫೋಟೊ, ಮೂರನ್ನೂ ಹಾಕಿ.

ಹೆಚ್ಚಿನವರು ಎಡವುವುದು ಪ್ರಾಜೆಕ್ಟಿನ ಕವರ್ ಚಿತ್ರದಲ್ಲಿ. ಅದರ ಅಳತೆ 808 × 632 ಪಿಕ್ಸೆಲ್, ಅಂದರೆ ಅಡ್ಡ ಚೌಕಟ್ಟು. ನಮ್ಮ ಮುಖಪುಟಗಳು ಉದ್ದುದ್ದ. ಇಡೀ ಮುಖಪುಟವನ್ನು ಅದರೊಳಗೆ ತುರುಕಿದರೆ ಎರಡೂ ಬದಿ ಖಾಲಿ. ಅಗಲಕ್ಕೆ ಹೊಂದಿಸಿದರೆ ಮೇಲಿನ ಶೀರ್ಷಿಕೆಯೋ ಪಾತ್ರದ ತಲೆಯೋ ಕತ್ತರಿಸಿಹೋಗುತ್ತದೆ. ಚಿತ್ರದ ಒಂದು ಗಟ್ಟಿ ಭಾಗವನ್ನು, ಮುಖವನ್ನೋ ಕೈಯನ್ನೋ, ಬೇರೆಯಾಗಿ ಕ್ರಾಪ್ ಮಾಡಿ ಹಾಕುವುದೇ ಸರಿ. ಅಕ್ಷರ ಬೇಡ, ಮೊಬೈಲಿನಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ.

ಒಳಗಿನ ಚಿತ್ರಗಳಿಗೆ ಕನಿಷ್ಠ 1400 ಪಿಕ್ಸೆಲ್ ಅಗಲ ಇರಲಿ. ಪ್ರೆಸ್ಸಿಗೆ ಕಳಿಸಿದ ಸಿಎಂವೈಕೆ (ಮುದ್ರಣದ ಬಣ್ಣಪದ್ಧತಿ) ಫೈಲನ್ನೇ ಏರಿಸಬೇಡಿ, ಬಣ್ಣ ಕೆಡುತ್ತದೆ. ಎಸ್‌ಆರ್‌ಜಿಬಿಗೆ (ಪರದೆಯ ಬಣ್ಣಪದ್ಧತಿ) ಬದಲಾಯಿಸಿ ಪರದೆಯ ಮೇಲೆ ನೋಡಿ, ಆಮೇಲೆ ಜೆಪೆಗ್ ಮಾಡಿ. ಹುಡುಕಾಟದ ಟ್ಯಾಗ್‌ಗಳಲ್ಲಿ ಇಂಗ್ಲಿಷ್ ಪದಗಳಿರಲಿ, ಪ್ರಾಜೆಕ್ಟಿನ ಹೆಸರಿನಲ್ಲಿ ಕನ್ನಡವೂ ಇರಲಿ.

ಹಕ್ಕಿನ ವಿಷಯ ಬಿಹ್ಯಾನ್ಸ್ ನಿಮಗಾಗಿ ನೋಡಿಕೊಳ್ಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಮೊದಲ ಹಕ್ಕುದಾರರು ಬರೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಇಮೇಲಿನಲ್ಲೇ ‘ಪುಸ್ತಕ ಬಿಡುಗಡೆಯಾದ ಮೇಲೆ ಚಿತ್ರಗಳನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸುತ್ತೇನೆ’ ಎಂಬ ಸಾಲು ಸೇರಿಸಿ ಒಪ್ಪಿಗೆ ಪಡೆಯಿರಿ. ಅಲ್ಲಿಯವರೆಗೆ ಪ್ರಾಜೆಕ್ಟ್ ಡ್ರಾಫ್ಟಿನಲ್ಲೇ ಇರಲಿ. ಲೇಖಕರು, ವಿನ್ಯಾಸಕಾರರು, ಪ್ರಕಾಶಕರ ಹೆಸರನ್ನು ಬಿಡದೆ ಹಾಕಿ. ಅದು ಮರ್ಯಾದೆಯೂ ಹೌದು, ಅವರ ಹೆಸರು ಹುಡುಕಿ ಬಂದವರಿಗೆ ನೀವು ಸಿಗುವ ದಾರಿಯೂ ಹೌದು.

ಕೊರತೆ ಇಲ್ಲದಿಲ್ಲ. ನಿಮ್ಮ ಪುಟದ ಕೊನೆಯಲ್ಲಿ ಬೇರೆಯವರ ಕೆಲಸ ಕಾಣಿಸಿಕೊಂಡು ನೋಡುಗರ ಗಮನ ಅತ್ತ ಹರಿಯುತ್ತದೆ. ಮೆಚ್ಚುಗೆ ಒತ್ತುವವರು ಬಹುಪಾಲು ಸಹ ಚಿತ್ರಕಾರರೇ, ಕೆಲಸ ಕೊಡುವವರು ಕಡಿಮೆ. ಆ ಸಂಖ್ಯೆ ನೋಡಿ ಶೈಲಿ ಬದಲಿಸಿಕೊಳ್ಳುವುದು ನಷ್ಟ. ಅಡೋಬಿಯ ಸಾಫ್ಟ್‌ವೇರ್ ಚಂದಾ ಯೋಜನೆಯಾದ ಕ್ರಿಯೇಟಿವ್ ಕ್ಲೌಡ್‌ನ ಚಂದಾದಾರರಿಗೆ, ಸ್ವಂತ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವಾದ ಅಡೋಬಿ ಪೋರ್ಟ್‌ಫೋಲಿಯೊ ಜೊತೆಗೇ ಸಿಗುತ್ತದೆ, ಬಿಹ್ಯಾನ್ಸ್ ಪ್ರಾಜೆಕ್ಟುಗಳನ್ನು ಅದಕ್ಕೆ ಎಳೆದುಕೊಳ್ಳಬಹುದು, ಸ್ವಂತ ಡೊಮೇನ್ ಜೋಡಿಸಬಹುದು. ಚಂದಾ ನಿಂತರೆ ಆ ಸೈಟೂ ನಿಲ್ಲುತ್ತದೆ. ಡೊಮೇನನ್ನು ಬೇರೆ ಕಡೆ ನಿಮ್ಮ ಹೆಸರಿನಲ್ಲೇ ಕೊಂಡಿಟ್ಟರೆ ವಿಳಾಸವಾದರೂ ಉಳಿಯುತ್ತದೆ.

ಖಾತೆ ತೆರೆದು ಕಾದು ಕೂತರೆ ಕೆಲಸ ಬಾರದು. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾದಂಥ ಮಕ್ಕಳ ಪ್ರಕಾಶನಗಳಿಗೆ ಕೆಲಸ ಕೇಳಿ ಇಮೇಲ್ ಬರೆಯುವಾಗ ಇಡೀ ಪ್ರೊಫೈಲಿನ ಕೊಂಡಿ ಬೇಡ. ಅವರ ಪುಸ್ತಕಗಳಿಗೆ ಹೊಂದುವ 2 ಪ್ರಾಜೆಕ್ಟುಗಳ ಕೊಂಡಿ, ಊರು, ಯಾವಾಗಿನಿಂದ ಬಿಡುವಿದೆ ಎಂಬುದಷ್ಟೇ ಸಾಕು.